ತೂತು ಬಿದ್ದ ವಾಟೆ

ಸಿದ್ದಕ್ಕ ಮಚ್ಚು ಎತ್ತಿದ್ದಳು. ಬುಟ್ಟಿಗೆ ವಾಟೆ ಕಡಿಯಲು ಬೆಳಿಗ್ಗೆಯೇ ಹಳ್ಳದ ದಂಡೆಗೆ ಬಂದವಳು ನನ್ನ ಬುಡ ತಡವಿ ಕೈ ತಡೆದಳು.

"ತೂತು ಬಿದ್ದೈತೆ. ಸೀಳಿದ್ರೆ ಎಳೆ ತುಂಡಾಗ್ತೈತೆ, ಬಿಡು" ಎಂದು ಮಗಳು ಇಂದ್ರಿಗೆ ಹೇಳಿ ಪಕ್ಕದ ಗಳಕ್ಕೆ ಹೋದಳು.

ನಾನು ಒಂದು ವಾಟೆ, ತೆಳು ಜಾತಿಯ ಕಾಡುಬಿದಿರು. ಹುಳು ಕೊರೆದ ಆ ತೂತೇ ನನ್ನನ್ನು ಉಳಿಸಿತು. ಮೇದರು ಅಂಥದ್ದನ್ನು ಕಡಿಯುವುದಿಲ್ಲ. ಮಳೆ ಹಿಡಿದಾಗ ಹಸಿರು ಕಪ್ಪೆಯೊಂದು ಅದರೊಳಗೆ ನುಸುಳಿ ಟಿಕ್ ಟಿಕ್ ಎಂದು ಕರೆಯಿತು. ಹೆಣ್ಣು ಬಂದು ನನ್ನ ಒಳಗೋಡೆಗೆ ಮೊಟ್ಟೆ ಅಂಟಿಸಿ ಹೋಯಿತು. ಗಂಡು ಕಾವಲು ಕೂತಿತು. ಇವಕ್ಕೆ ಹೊಂಡ ಬೇಡ. ಮೊಟ್ಟೆಯಿಂದ ನೇರ ಪುಟ್ಟ ಕಪ್ಪೆಗಳೇ ಹೊರಬರುತ್ತವೆ. ಮೂರು ಮಳೆಗಾಲ ನಾನು ಅವುಗಳ ತೊಟ್ಟಿಲಾಗಿದ್ದೆ.

ನಾಲ್ಕನೆಯದರಲ್ಲಿ ಸಿದ್ದಕ್ಕ ಮತ್ತೆ ಬಂದಳು.

"ರೆಸಾರ್ಟಿನೋರು ಕಪ್ಪೆ ಉಳಿಸ್ತಾರಂತೆ, ತೂತಿಂದೇ ಬೇಕಂತೆ. ನಮ್ಮಜ್ಜಿ ಇದ್ದಿದ್ರೆ, ತೂತಿಂದು ಯಾಕೆ ಕಡೀತಿ ಅಂತ ಮಚ್ಚು ಕಿತ್ಕೋತಿದ್ಲು" ಎಂದು ನಕ್ಕಳು. ಬುಟ್ಟಿ ಕೇಳುವವರು ಆಗಲೇ ಕಡಿಮೆಯಾಗಿದ್ದರು. ಈ ಸಲ ಮಚ್ಚು ನಿಲ್ಲಲಿಲ್ಲ.

ನನ್ನೊಳಗೆ ಒಂಬತ್ತು ಮೊಟ್ಟೆಗಳಿದ್ದವು, ಅವುಗಳ ತಂದೆಯೂ ಇತ್ತು. ಸಿದ್ದಕ್ಕ ತೂತಿಗೆ ಒದ್ದೆ ಎಲೆ ತುರುಕಿ, ಕೂಸನ್ನು ಎತ್ತಿದಂತೆ ಎತ್ತಿಕೊಂಡಳು.

ರೆಸಾರ್ಟಿನ ಜಗುಲಿಯಲ್ಲಿ, ತೂತು ಬಿದ್ದ ಇನ್ನಷ್ಟು ವಾಟೆಗಳ ಸಾಲಿನಲ್ಲಿ ನನ್ನನ್ನು ನೇತುಹಾಕಿದರು. ಮ್ಯಾನೇಜರ್ ಇಣುಕಿ ನೋಡಿ, "ಇಲ್ಲಿ ಹಾವಿಲ್ಲ, ಇಲಿಯಿಲ್ಲ. ಆರಾಮಾಗಿರ್ತಾವೆ ಬಿಡಿ" ಎಂದ.

ಹಾವಿರಲಿಲ್ಲ ನಿಜ, ಹಳ್ಳದ ತಂಪೂ ಇರಲಿಲ್ಲ. ಬುಡ ಕಳೆದುಕೊಂಡ ನಾನು ಒಣಗತೊಡಗಿದೆ. ಕಪ್ಪೆ ತನ್ನ ಒದ್ದೆ ಹೊಟ್ಟೆಯನ್ನು ಮೊಟ್ಟೆಗಳಿಗೆ ಒತ್ತಿ ಕೂರುತ್ತಿತ್ತು. ಆರನೆಯ ದಿನ ಅವು ಮುರುಟಿದವು. ಅದು ಇನ್ನೂ ಒಂದು ದಿನ ಕಾದು, ಇಳಿದು ಹೋಯಿತು.

ಈಗ ನಾನು ಒಣ ಕೊಳವೆ. ಗಾಳಿಗೆ ಪಕ್ಕದವಕ್ಕೆ ಬಡಿಯುತ್ತೇನೆ. ಅತಿಥಿಗಳಿಗೆ ಆ ಸದ್ದು ಇಷ್ಟ. ಸಾವಿಗೆ ನಾನು ಹೆದರಿದವನಲ್ಲ, ನಮ್ಮದು ಹೂಬಿಟ್ಟು ಸಾಯುವ ಜಾತಿ. ಒಳಗಿದ್ದವರನ್ನು ಕಾಯಲಾಗಲಿಲ್ಲವಲ್ಲ ಎಂಬುದೊಂದೇ ಸಂಕಟ.

ಇಂದು ಸಿದ್ದಕ್ಕ ಇನ್ನೊಂದು ಹೊರೆ ತಂದಳು.

"ಒಳ್ಳೇದಾಯ್ತು ಸಿದ್ದಕ್ಕ, ಹಳೇವೆಲ್ಲ ಖಾಲಿಯಾಗಿದಾವೆ" ಎಂದ ಮ್ಯಾನೇಜರ್.

ಸಿದ್ದಕ್ಕ ಹೊರೆಯ ಹಗ್ಗ ಬಿಚ್ಚಿದಳು. ಜೊತೆಗೆ ಬಂದಿದ್ದ ಇಂದ್ರಿ ನನ್ನ ತೂತಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ತಾಯಿಯ ಸೆರಗು ಹಿಡಿದಳು.

"ಅವ್ವಾ, ತೂತಿನ ವಾಟೆ ಎಲ್ಲಾ ನಾವು ಇಲ್ಲಿಗೇ ತಂದ್ರೆ, ಅಲ್ಲಿರೋ ಕಪ್ಪೆ ಮೊಟ್ಟೆ ಎಲ್ಲಿಡ್ತಾವೆ?"