ದೃಷ್ಟಿ ತಾಗದ ಫೋಟೋ

ಶ್ರೀದೇವಿಯ ಮೇಲೆ ನನಗೆ ಇನ್ನೂ ಕೋಪವಿದೆ. ಇರಲಿ ಬಿಡಿ, ಅದು ಇಳಿಯುವುದೂ ನನಗೆ ಬೇಕಿಲ್ಲ.

ಸಹಕಾರಿ ಬ್ಯಾಂಕಿನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿ ಎಂದು ನನ್ನನ್ನು ಹುರಿದುಂಬಿಸಿದ ಗೆಳತಿ ಅವಳೇ. "ನಿನ್ನಂಥ ಕಣ್ಣು ಯಾರಿಗಿದೆ ಹೇಳೇ ಮೇಘಾ," ಎನ್ನುತ್ತಿದ್ದಳು. ಅವಳ ಮದುವೆಯ ಫೋಟೋ ತೆಗೆದದ್ದೂ ನಾನೇ. ಅಪ್ಪನಿಗೆ ಮಾತ್ರ ಈ ಕೆಲಸದ ಮೇಲೆ ನಂಬಿಕೆ ಹುಟ್ಟಲಿಲ್ಲ. "ಎಲ್ಲರ ಕೈಲೂ ಫೋನ್ ಇದೆ, ನಾಳೆ ನಿನ್ನ ಯಾರು ಕರೀತಾರಮ್ಮ? ಬ್ಯಾಂಕಲ್ಲಿ ಜಾಗ ಇನ್ನೂ ಖಾಲಿ ಇದೆಯಂತೆ," ಎಂದು ದಿನಾ ತಿಂಡಿಯ ಜೊತೆ ಬಡಿಸುತ್ತಿದ್ದರು.

ಶ್ರೀದೇವಿ ಬಸುರಿಯಾದಾಗ ನಾನೇ ಅಪ್ಪನಿಗೆ ಸವಾಲು ಹಾಕಿದೆ. "ಅವಳ ಫೋಟೋ ತೆಗೀತೀನಿ. ಅದನ್ನ ನೋಡಿದ ಮೇಲೂ ಬೇಡ ಅಂದ್ರೆ ಬ್ಯಾಂಕಿಗೆ ವಾಪಸ್ ಹೋಗ್ತೀನಿ."

ಲಾಲ್‌ಬಾಗ್ ಕೆರೆಯ ಹತ್ತಿರ ಬೆಳಗಿನ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿಕೊಂಡು ಬಂದು, ಯಾವ ಜಾಗ, ಯಾವ ಸೀರೆ ಎಲ್ಲವನ್ನೂ ಅವಳಿಗೆ ವಿವರಿಸಿದೆ. ಮರುದಿನ ಅವಳ ಫೋನ್ ಬಂತು.

"ಸಾರಿ ಕಣೇ. ಬಸುರಿ ಕ್ಯಾಮೆರಾ ಮುಂದೆ ನಿಂತ್ರೆ ದೃಷ್ಟಿ ಆಗತ್ತೆ ಅಂತಾರೆ ನಮ್ಮತ್ತೆ. ಸೀಮಂತಕ್ಕೂ ಕ್ಯಾಮೆರಾ ಬೇಡವಂತೆ. ನೀನು ಅಪ್ಪನ್ನ ಕರ್ಕೊಂಡು ಸುಮ್ನೆ ಊಟಕ್ಕೆ ಬಾ."

ಹಿರಿಯರ ಮಾತು, ಅವಳಾದರೂ ಏನು ಮಾಡುತ್ತಾಳೆ ಎಂದು ಸಿಟ್ಟು ನುಂಗಿಕೊಂಡೆ. ಅಪ್ಪನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಸೀಮಂತದ ದಿನ ಅಪ್ಪನ ಜೊತೆ ಬನಶಂಕರಿಯ ಅವರ ಮನೆಗೆ ಕ್ಯಾಮೆರಾ ಇಲ್ಲದೆ ಕೈ ಬೀಸಿಕೊಂಡು ಹೋದೆ. ಹಾಲ್‌ನ ಗೋಡೆಯ ಮೇಲೆ ಆಳೆತ್ತರದ ಫೋಟೋ. ಅದೇ ಕೆರೆ, ಅದೇ ಬೆಳಕು, ನಾನು ಹೇಳಿದ್ದ ಅದೇ ಸೀರೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದ ಶ್ರೀದೇವಿ. ಹಸಿರು ಬಳೆ ತೊಡಿಸಿಕೊಳ್ಳುತ್ತ ಕೂತಿದ್ದವಳ ಪಕ್ಕಕ್ಕೆ ಹೋಗಿ, "ಯಾರು ತೆಗೆದಿದ್ದು?" ಎಂದೆ.

"ಯಾರೂ ಇಲ್ಲ ಕಣೇ. ನೀನು ತೆಗೆದ ನನ್ನ ಮದುವೆ ಫೋಟೋ ಎಲ್ಲಾ ಒಂದು ಎಐ ಆ್ಯಪ್‌ಗೆ ಹಾಕ್ದೆ, ಜಾಗ ನೀನೇ ಹೇಳಿದ್ಯಲ್ಲ. ಥೇಟ್ ನಿನ್ನ ಸ್ಟೈಲೇ ಬಂತು. ಸಖತ್ ಅಲ್ವಾ?"

ಅವಳ ಅತ್ತೆ ಶಿವಬಸಮ್ಮನವರು ನನ್ನ ಮುಖ ನೋಡಿ, "ಕ್ಯಾಮೆರಾ ಮುಂದೆ ನಿಲ್ಲಲೇ ಇಲ್ವಲ್ಲಮ್ಮ, ಇನ್ನು ದೃಷ್ಟಿ ಎಲ್ಲಿಂದ ಬರುತ್ತೆ?" ಎಂದರು.

ನನ್ನ ಬೆಳಕು ಬೇಕು, ನನ್ನ ಜಾಗ ಬೇಕು, ನಾನೊಬ್ಬಳು ಬೇಡ. ನನ್ನನ್ನು ಈ ದಾರಿಗೆ ಎಳೆದು ತಂದವಳೇ ಹೀಗೆ ಮಾಡಿದಳಲ್ಲ. ಅಪ್ಪನನ್ನು ಕರೆದುಕೊಂಡು ಹೊರಡೋಣವೆಂದು ತಿರುಗಿದೆ.

ಅಪ್ಪ ಆ ಫೋಟೋದ ಮುಂದೆಯೇ ನಿಂತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣು ಒದ್ದೆಯಾಗಿತ್ತು.

"ನಾನೇ ತಪ್ಪು ತಿಳ್ಕೊಂಡಿದ್ದೆ ಕಣಮ್ಮ. ಇನ್ನು ಬ್ಯಾಂಕಿನ ಮಾತು ಎತ್ತಲ್ಲ."

ಈ ಮಾತಿಗೆ ನಾನು ಎಷ್ಟು ಕಾದಿದ್ದೆ. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಹಾಳು ನಾಲಿಗೆ ಕೇಳಬೇಕಲ್ಲ.

"ಇದು ನಾನು ತೆಗೆದಿದ್ದಲ್ಲ ಅಪ್ಪ. ಯಾರೂ ತೆಗೆದಿದ್ದಲ್ಲ. ಫೋನಲ್ಲೇ ಮಾಡಿದ್ದು."

ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿದರು. ನಾನು ತೆಗೆದ ಒಂದು ಫೋಟೋವನ್ನೂ ಅವರು ಅಷ್ಟು ಹೊತ್ತು ನೋಡಿರಲಿಲ್ಲ.

"ಹೌದಾ," ಎಂದರು ಮೆತ್ತಗೆ. "ಆದ್ರೂ ಎಷ್ಟು ಚೆನ್ನಾಗಿದೆ ನೋಡಮ್ಮ."