ಮೊಳೆಯಿಲ್ಲದ ಗೋಡೆ

"ಇದು ಚೆನ್ನಾಗಿ ಕಾಣುತ್ತಾ, ಇದಾ?" ಅವಳು ಲೆನ್ಸ್ ಬದಲಿಸಿದಳು.

"ಎರಡೂ ಒಂದೇ ಥರ ಇದೆ ಅಕ್ಕಾ," ಎಂದ ಜೀರೋ.

ಪರೀಕ್ಷೆಯ ದಪ್ಪ ಚೌಕಟ್ಟು ಮೂಗನ್ನು ಒತ್ತಿದ್ದರಿಂದ ಅವನ ದನಿ ನೆಗಡಿ ಹಿಡಿದವನಂತಿತ್ತು. ಸಾಲ ಕೊಡಿಸುವ ಏಜೆಂಟ್ ಅವನು. ಬಾಯಿ ತೆರೆದರೆ ಜೀರೋ ಫೀಸು, ಜೀರೋ ಖರ್ಚು ಅನ್ನುತ್ತಿದ್ದುದರಿಂದ ಇಡೀ ಬೀದಿ ಅವನ ಹೆಸರು ಮರೆತು ಹಾಗೇ ಕರೆಯುತ್ತಿತ್ತು, ಅವನೂ ಓಗೊಡುತ್ತಿದ್ದ. ಅವಳ ಕನ್ನಡಕದ ಅಂಗಡಿಗೆ ಇವತ್ತು ಅವನು ಬಂದದ್ದು ಕಣ್ಣಿಗಾಗಿಯಲ್ಲ. ಅವಳ ಮನೆಸಾಲವನ್ನು ಹಳೆಯ ಬ್ಯಾಂಕಿನಿಂದ ಬಿಡಿಸಿ, ಕಡಿಮೆ ಬಡ್ಡಿಯ ಬೇರೊಂದು ಬ್ಯಾಂಕಿಗೆ ವರ್ಗಾಯಿಸುವ ಕಾಗದಗಳು ಅವನ ಚೀಲದಲ್ಲಿದ್ದವು. ಗಂಡ ಆಗಲೇ ಸಹಿ ಹಾಕಿಯಾಗಿತ್ತು; ಕೈಯಿಂದ ಬಿಡಿಗಾಸೂ ಹೋಗುವುದಿಲ್ಲ ಅನ್ನುವುದೊಂದೇ ಅವನಿಗೆ ಸಾಕಾಗಿತ್ತು. ಸಾಲ ಇಬ್ಬರ ಹೆಸರಿನಲ್ಲಿದ್ದದ್ದರಿಂದ ಅವಳದೊಂದು ಬಾಕಿ. ಜೀರೋ ಆ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುವುದನ್ನು ನೋಡಲಾರದೆ ಅವಳೇ ಅವನನ್ನು ಕುರ್ಚಿಗೆ ಎಳೆದು ಕೂರಿಸಿದ್ದಳು.

ಲೆನ್ಸ್ ತೆಗೆಯುತ್ತ, ಹಾಕುತ್ತ, ಕೇಳುತ್ತ ಹೋದಳು. ವಕೀಲರಿಗೆ ದುಡ್ಡು ಕೊಡುವವರು ಯಾರು? ಬ್ಯಾಂಕು. ಮನೆಗೆ ಬೆಲೆ ಕಟ್ಟಲು ಬರುವವರಿಗೆ? ಅದೂ ಬ್ಯಾಂಕೇ. ಅವರಿಗೆ ನಮ್ಮ ಮೇಲೆ ಅಷ್ಟೊಂದು ಪ್ರೀತಿ ಯಾಕಂತೆ?

ಜೀರೋ ಅಂಗಡಿಯ ಬಾಗಿಲಿನ ಕಡೆ ಬೆರಳು ತೋರಿಸಿದ. "ಬೋರ್ಡ್ ಹಾಕಿದೀರಲ್ಲಕ್ಕಾ, ಕಣ್ಣಿನ ಪರೀಕ್ಷೆ ಉಚಿತ ಅಂತ. ಅದ್ಯಾವ ಪ್ರೀತಿ?"

ಆ ಬೋರ್ಡು ಬರೆಸಿದವಳು ಅವಳೇ. ಪರೀಕ್ಷೆಯ ದುಡ್ಡನ್ನು ಫ್ರೇಮಿನ ಬೆಲೆಯೊಳಗೆ ಸದ್ದಿಲ್ಲದೆ ಸೇರಿಸುವವಳೂ ಅವಳೇ. ಅದರಲ್ಲಿ ತಪ್ಪಿದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸಲಿಲ್ಲ. ನಗು ಮಾತ್ರ ಬಂತು.

"ಸರಿ. ಹಾಗಾದ್ರೆ ನಿನ್ನ ಫ್ರೇಮು ಯಾವುದು, ಹೇಳು."

ಬಡ್ಡಿ, ಎಂದ ಅವನು. ಖರ್ಚನ್ನು ಮೊದಲೇ ಕೈಯಿಂದ ಕಟ್ಟಿದವರಿಗೆ ಬಡ್ಡಿ ಇನ್ನೂ ಕಡಿಮೆ. ಕಟ್ಟದವರಿಗೆ ಚೂರು ಜಾಸ್ತಿ, ಸಾಲ ತೀರುವವರೆಗೂ. ಇದನ್ನು ಅವಳ ಗಂಡನಿಗೂ ಬಿಡಿಸಿ ಹೇಳಿದ್ದನಂತೆ.

"ಅಣ್ಣಂಗೆ ಇದೇ ಲಾಭ. ನಾಲ್ಕೈದು ವರ್ಷದಲ್ಲಿ ಮನೆ ಮಾರಿ ಹೊರಡ್ತೀವಿ ಅಂದ್ರು. ಅಷ್ಟು ಬೇಗ ಹೋಗೋರಿಗೆ ನಿಜವಾಗ್ಲೂ ಉಳಿತಾಯ. ಇಲ್ಲೇ ಇರೋರಿಗಾದ್ರೆ ಆ ಚೂರೇ ಬೆಳೆದು ಫೀಸಿನ ಎರಡು ಮೂರು ಪಟ್ಟು ಆಗುತ್ತೆ." ಚೌಕಟ್ಟಿನೊಳಗಿಂದ ಅವಳನ್ನು ನೋಡಿದ. "ನೀವು ಎಷ್ಟು ವರ್ಷ ಇರ್ತೀರಾ, ಅದರ ಮೇಲಿದೆ ಅಕ್ಕಾ."

ಅವಳು ಇನ್ನೊಂದು ಲೆನ್ಸ್ ಕೂರಿಸಿ, ಕೆಳಗಿನ ಸಾಲು ಓದು ಅಂದಳು. ಅವನು ತಡವರಿಸದೆ ಓದಿದ.

ಅವಳ ಮನೆಯ ಗೋಡೆಗಳಲ್ಲಿ ಒಂದೂ ಮೊಳೆ ಇರಲಿಲ್ಲ. ಮಾರುವ ಮನೆಗೆ ತೂತು ಹೊಡೆದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ ಎಂದು ಆ ಮನೆಗೆ ಬಂದ ದಿನವೇ ಗಂಡ ಹೇಳಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು. ದೂರದ ಊರಿನಲ್ಲಿರುವ ಅಣ್ಣನ ಗ್ಯಾರೇಜಿನಲ್ಲಿ ಪಾಲುದಾರನಾಗುವ ಆಸೆ. ಆಗಲೂ ನಾಲ್ಕೈದು ವರ್ಷ ಎಂದೇ ಹೇಳಿದ್ದ. ಅದಾದ ಮೇಲೆ ಮಗಳು ಹುಟ್ಟಿ, ನಡೆದು, ಶಾಲೆಗೂ ಸೇರಿದ್ದಳು. ಗಡಿಯಾರ ಇನ್ನೂ ಫ್ರಿಜ್ಜಿನ ಮೇಲೇ ಕೂತಿತ್ತು. ಚೌಕ ಕನ್ನಡಿ ನೆಲದ ಮೇಲೆ ಗೋಡೆಗೊರಗಿ ನಿಂತಿತ್ತು. ತಲೆ ಬಾಚಲು ಅವಳು ದಿನವೂ ಚಕ್ಕಳಮಕ್ಕಳ ಹಾಕಿ ಅದರ ಮುಂದೆ ಕೂರುತ್ತಿದ್ದಳು.

ಸಂಜೆ ಗಂಡ ಕೈಯ ಗ್ರೀಸು ತೊಳೆಯುತ್ತಿದ್ದಾಗ, ಸಾಲದ ಫೀಸು ನಾವೇ ಮೊದಲೇ ಕಟ್ಟೋಣ ಎಂದಳು.

"ದುಡ್ಡೆಲ್ಲಿದೆ?"

"ಅಂಗಡೀಲಿ ಲೆನ್ಸ್ ಕತ್ತರಿಸೋ ಹೊಸ ಮಿಷಿನ್ನಿಗೆ ಇಟ್ಟಿದ್ದು ಇದೆಯಲ್ಲ. ಹಳೇದು ಇನ್ನೂ ಓಡುತ್ತೆ. ಸದ್ದು ಜಾಸ್ತಿ ಅಷ್ಟೇ, ನಿಮ್ಮ ಹಾಗೆ."

ಅವನು ನಗಲಿಲ್ಲ. "ಹೋಗೋರು ನಾವು. ಸುಮ್ನೆ ಯಾಕೆ ಕಟ್ಬೇಕು?"

"ನಾನು ಹೋಗಲ್ಲ ರೀ."

ಸೋಪು ಅವನ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ. ನೀವು ಕೇಳಲಿಲ್ಲ, ಇವತ್ತು ಜೀರೋ ಕೇಳಿದ ಅಂದಳು. ಅಣ್ಣನಿಗೆ ಕೊಟ್ಟ ಮಾತಿನ ಬಗ್ಗೆ ಅವನು ಹೇಳಿದ. ತನ್ನ ಅಂಗಡಿ, ಮಗಳ ಶಾಲೆ, ಕರೆದರೆ ಬರುವ ಪಕ್ಕದ ಮನೆಯವರ ಬಗ್ಗೆ ಅವಳು ಹೇಳಿದಳು. ಅವನ ದನಿ ಏರಿತು. ಅವಳದು ಏರಲಿಲ್ಲ, ಇಳಿಯಲೂ ಇಲ್ಲ.

"ಜಗಳ ಆಡ್ಬೇಕಾದ್ರೆ ಆಡೋಣ. ಇವತ್ತೇ ಆಡಿ ಮುಗಿಸೋಣ. ಆದ್ರೆ ಹೋಗ್ತೀವಿ ಅಂದ್ಕೊಂಡು ಬರೆಸಿರೋ ಕಾಗದಕ್ಕೆ ನಾನು ಸಹಿ ಹಾಕಲ್ಲ."

ಅವನು ಟವೆಲ್ಲಿಗೆ ಕೈ ಒರೆಸಿಕೊಂಡ. ಒಣಗಿದ ಮೇಲೂ ಒರೆಸುತ್ತಲೇ ಇದ್ದ. ಅವಳು ಅವನ ಟೂಲ್ ಬಾಕ್ಸ್ ತೆರೆದು ಸುತ್ತಿಗೆ ಎತ್ತಿಕೊಂಡಳು, ಡಬ್ಬಿಯಿಂದ ಒಂದು ಮೊಳೆ ಆರಿಸಿ ಗೋಡೆಗೆ ಒತ್ತಿ ಹಿಡಿದಳು.

"ಆ ಸುತ್ತಿಗೆ ದೊಡ್ಡದಾಯ್ತು," ಎಂದ ಅವನು. "ಪ್ಲಾಸ್ಟರ್ ಕಿತ್ತು ಬರುತ್ತೆ. ಚಿಕ್ಕದು ಕೆಳಗಿದೆ, ನೋಡು."

ಅವಳು ಚಿಕ್ಕದನ್ನು ತೆಗೆದುಕೊಂಡಳು. ಸದ್ದಿಗೆ ಮಗಳು ಓಡಿ ಬಂದು, ಮೊಳೆಗೆ ನೇತುಬಿದ್ದ ಕನ್ನಡಿಯ ಕೆಳಗೆ ನಿಂತಳು.

"ಅಷ್ಟು ಮೇಲೆ ಹಾಕಿದ್ರೆ ನಂಗೆ ಕಾಣಲ್ಲಮ್ಮಾ."

"ಬೆಳೀತಾ ಬೆಳೀತಾ ಕಾಣುತ್ತೆ ಬಿಡು."

ಕನ್ನಡಿಯ ಕೆಳ ಅಂಚಿನಲ್ಲಿ ಒಂದು ಬೈತಲೆ. ಆಮೇಲೆ ಹಣೆ, ಎರಡು ಕಣ್ಣು. ಮತ್ತೆ ಬರೀ ಬೈತಲೆ. ಮಗಳು ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು.