ಹಳದಿ ಗುಳಿಗೆ

ಡಾಕ್ಟರ್ ವೈಜನಾಥನಿಗೆ ತಾನು ಬರೆದ ಚೀಟಿ ಎಂದರೆ ಶಿಲಾಶಾಸನ. ಬಸವಕಲ್ಯಾಣದವನು, ಚಿನ್ನದ ಪದಕ ಗೆದ್ದು ಬಂದವನು; ೧೯೭೪ರಲ್ಲಿ ಹುಮನಾಬಾದಿನ ಧರ್ಮಾರ್ಥ ದವಾಖಾನೆ ಸೇರಿ ಆರು ತಿಂಗಳಾಗಿತ್ತು. ಔಷಧದ ಕಿಟಕಿಯ ಹಿಂದೆ ಕೂರುವ ಕಂಪೌಂಡರ್ ಮೊಹಿನುದ್ದೀನರು ಅವನ ಪಾಲಿಗೆ ಗುಳಿಗೆ ಕಟ್ಟಿಕೊಡುವ ಕೈ, ಅಷ್ಟೆ. ಆ ಕೈಯ ಹಿಂದೆ ಕಣ್ಣು, ಕಿವಿ, ತಲೆ ಎಲ್ಲ ಇವೆ ಎಂದು ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ.

ಆ ದಿನ ಘಾಟಬೋರಾಳದ ಸಂಗಮ್ಮ ಬಂದಿದ್ದಳು. ಹೃದಯ ದುರ್ಬಲವಾಗಿದ್ದ ಹೆಂಗಸು. ಎರಡು ತಿಂಗಳಿಂದ ದಿನಕ್ಕೊಂದು ಹೃದಯದ ಗುಳಿಗೆ ನುಂಗುತ್ತಿದ್ದಳು. ಈಗ ವಾಂತಿ, ಊಟ ಸೇರದು, ಕಾಲಿನ ಬಾವೂ ಇಳಿದಿಲ್ಲ. ವೈಜನಾಥ ವಾಂತಿಗೊಂದು ಔಷಧ ಬರೆದು, ಹೃದಯದ ಗುಳಿಗೆ ದಿನಕ್ಕೆರಡು ಮಾಡಿ ಕಳಿಸಿದ.

ಸ್ವಲ್ಪ ಹೊತ್ತಿಗೆ ಮೊಹಿನುದ್ದೀನರು ಅದೇ ಚೀಟಿ ಹಿಡಿದು ಒಳಗೆ ಬಂದರು.

“ಡಾಕ್ಟರ್ ಸಾಬ್, ಈ ಗುಳಿಗಿ ನಾ ಕೊಡಂಗಿಲ್ರಿ.”

ವೈಜನಾಥನಿಗೆ ಪಿತ್ತ ನೆತ್ತಿಗೇರಿತು. “ಬರದಿದ್ದು ಕೊಡೋದು ನಿಮ್ಮ ಕೆಲಸ. ಯಾಕ ಕೊಡಂಗಿಲ್ಲ?”

“ಸಂಗಮ್ಮ ಕಿಟಕಿ ಮುಂದ ಜಗಳ ತಗದಾಳ್ರಿ. ಯಾವಾಗ್ಲೂ ಬಿಳಿ ಗುಳಿಗಿ ಕೊಡ್ತಿದ್ರಿ, ಇವತ್ತ ಹಳದಿ ಯಾಕ ಅಂತ ಕೇಳಾಕತ್ತಾಳ.”

“ಮತ್ತ ಹಳದಿ ಯಾಕ ಕೊಟ್ರಿ?”

ಮೊಹಿನುದ್ದೀನರು ಮುಷ್ಟಿ ಬಿಚ್ಚಿದರು. ಅಂಗೈ ಮೇಲಿದ್ದ ಗುಳಿಗೆಗಳು ಸುಣ್ಣದಷ್ಟು ಬಿಳಿ ಇದ್ದವು.

“ಹದಿನೆಂಟು ವರ್ಷದಿಂದ ಇದನ್ನ ಕೊಡಾಕತ್ತೇನ್ರಿ. ಮೈಯಾಗ ಹೆಚ್ಚಾತಂದ್ರ ಮೊದಲ ಊಟ ಸೇರಂಗಿಲ್ಲ, ಆಮ್ಯಾಲ ಎಲ್ಲಾ ಹಳದಿ ಕಾಣ್ತದ. ಒಮ್ಮಿ ನಾಡಿ ನೋಡ್ರಿ ಸಾಬ್.”

ವೈಜನಾಥ ಕಿಟಕಿಯ ಕಡೆ ಓಡಿದ. ಸಂಗಮ್ಮನ ನಾಡಿ ನಿಮಿಷಕ್ಕೆ ನಲವತ್ತು, ಅದೂ ತಪ್ಪಿ ತಪ್ಪಿ. ಈ ಮಾತನ್ನು ಅವನು ಪುಸ್ತಕದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದೂ ಇದ್ದ. ಎದುರಿಗೆ ಕೂತ ಹೆಂಗಸಿನಲ್ಲಿ ಮಾತ್ರ ಕಾಣಲಿಲ್ಲ. ಎರಡೆರಡು ನುಂಗಿದ್ದರೆ ಅವಳು ವಾರ ಕಳೆಯುತ್ತಿರಲಿಲ್ಲ. ಗುಳಿಗೆ ಕಟ್ಟುವ ಕೈ ಎಂದುಕೊಂಡಿದ್ದ ಮನುಷ್ಯನನ್ನು ಅವನು ಬೆರಗಾಗಿ ನೋಡಿದ.

ಗುಳಿಗೆ ನಿಲ್ಲಿಸಿ ಸಂಗಮ್ಮನನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಐದು ದಿನ ವೈಜನಾಥ ಹೊತ್ತು ಹೊತ್ತಿಗೆ ಬಂದು ನಾಡಿ ಹಿಡಿದ. ಆರನೆಯ ದಿನ ಬೆಳಿಗ್ಗೆ ಅವಳು ಎದ್ದು ಕೂತು ಸುತ್ತ ಕಣ್ಣಾಡಿಸಿದಳು.

“ಏನ್ರಿ ಡಾಕ್ಟರ್ರ, ಗೋಡಿಗೆ ಹೊಸಾ ಸುಣ್ಣ ಹಚ್ಚಿಸೀರೇನು?”

ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ. ವೈಜನಾಥನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಹೊಸ ಚೀಟಿ ಬರೆದು, ತಾನೇ ಹೋಗಿ ಔಷಧದ ಕಿಟಕಿಯ ಮುಂದೆ ರೋಗಿಗಳ ಸಾಲಿನ ಕೊನೆಯಲ್ಲಿ ನಿಂತ. ಸರದಿ ಬಂದಾಗ ಎರಡೂ ಕೈಯಲ್ಲಿ ಚೀಟಿ ಚಾಚಿದ.

“ಸರಿ ಬರದೀನೇನು, ಒಮ್ಮಿ ನೋಡ್ರಿ ಸಾಬ್.”